ಮಗ್ಗದ ಗುಂಡಿಯ ಬಾಡಿಗೆದಾರ

"ಬ್ಯಾಡಿ ಸ್ವಾಮಿ, ಅದನ್ನ ಮುಟ್ಬ್ಯಾಡಿ. ತಲೆಯಿಂದ ಬಿದ್ದ ಕೂದ್ಲು ತಿಪ್ಪೆಗೆ ಹೋಗ್ಬೇಕು. ಇನ್ನೊಬ್ರ ಕೈಗೆ ಹೋಗ್ಬಾರ್ದು."

ಕ್ಷೌರದ ಅಂಗಡಿಯ ಮುನಿಸ್ವಾಮಿ ಪೊರಕೆಯನ್ನು ಅಡ್ಡ ಹಿಡಿದು ಹೀಗೆ ಅಂಗಲಾಚಿದಾಗ ಆದಿನಾರಾಯಣಪ್ಪ ಹೊಟ್ಟೆ ಕುಣಿಸಿ ನಕ್ಕುಬಿಟ್ಟ. ಅವನು ಆಗಷ್ಟೇ ಕುರ್ಚಿಯಿಂದ ಎದ್ದಿದ್ದ. ಕುತ್ತಿಗೆಗೆ ಅಂಟಿದ ಚೂರುಗಳನ್ನು ಟವೆಲಿನಿಂದ ಕೊಡವಿಕೊಳ್ಳುತ್ತಲೇ ಬಗ್ಗಿ, ಕಾಲ ಬುಡದ ರಾಶಿಯಿಂದ ಒಂದು ಹಿಡಿ ಕೂದಲು ಬಾಚಿ ಹಳೇ ಪೇಪರಿನಲ್ಲಿ ಸುತ್ತಿಕೊಂಡ.

"ಯಾಕಪ್ಪಾ, ಎದ್ದು ಬಂದು ಕಚ್ಚುತ್ತಾ?"

"ಕೂದ್ಲು ಕೇಳೋರು ಇನ್ಯಾತಕ್ಕೆ ಕೇಳ್ತಾರೆ, ಮಾಟಕ್ಕೇ ತಾನೇ? ಸುಳ್ಳು ಮಾಟ ಅಂತ ಒಂದಿಲ್ಲ ಸ್ವಾಮಿ. ಕಟ್ಟಿಟ್ರೆ ಅದು ಕೂದ್ಲು ಯಾರ್ದು ಅಂತ ಹುಡುಕ್ಕೊಂಡು ಹೋಗ್ತದೆ."

"ಹೋಗ್ಲಿ ಬಿಡು, ಬಸ್ ಚಾರ್ಜು ನಾನೇ ಕೊಡ್ತೀನಿ" ಎಂದು ಆದಿನಾರಾಯಣಪ್ಪ ಮೆಟ್ಟಿಲಿಳಿದ. ಮುನಿಸ್ವಾಮಿಗೆ ನಗು ಬರಲಿಲ್ಲ.

ಆದಿನಾರಾಯಣಪ್ಪ ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬೆಂಗಳೂರಿನ ಸಾಹುಕಾರರೊಬ್ಬರು ಇಲ್ಲಿ ನೇಕಾರರ ವಠಾರವೊಂದನ್ನು ಕೊಂಡು, ಬಾಡಿಗೆ ವಸೂಲಿಗೆ ಇವನನ್ನು ಏಜೆಂಟನಾಗಿ ಇಟ್ಟಿದ್ದರು. ಊರಿಗೆ ಆಗ ಪವರ್‌ಲೂಮಿನ ಹುಚ್ಚು ಹಿಡಿದಿತ್ತು. ವಠಾರ ಖಾಲಿಯಾದರೆ ಅಲ್ಲಿ ಪವರ್‌ಲೂಮ್ ಶೆಡ್ಡು, ಶೆಡ್ಡಿಗೆ ನೀನೇ ಮ್ಯಾನೇಜರು ಎಂದು ಸಾಹುಕಾರರು ಆಸೆ ಹಚ್ಚಿದ್ದರು. ಮಿಕ್ಕವರೆಲ್ಲ ಇವನ ಗದರಿಕೆಗೆ ಹೆದರಿ ಗಂಟುಮೂಟೆ ಕಟ್ಟಿದರು. ಕೊನೆಯ ಮನೆಯ ರಾಮಾಂಜಿನಪ್ಪ ಮಾತ್ರ ಜಗ್ಗಲಿಲ್ಲ. ಅವನದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಯನ್ನು ತುಳಿಯುತ್ತ ನೇಯಬೇಕು. ಬೇರೆ ಮನೆಗೆ ಹೋದರೆ ಅಲ್ಲೂ ನೆಲ ತೋಡಬೇಕು. ತೋಡಿಕೋ ಎಂದು ಯಾವ ಮನೆಯವರು ಹೇಳುತ್ತಾರೆ? ಆ ಮನೆ ಹೋದರೆ ಅವನಿಗೂ ಅವನ ಮುದಿ ತಾಯಿ ಪಿಳ್ಳಮ್ಮನಿಗೂ ಅನ್ನವೇ ಹೋದಂತೆ.

ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಅನ್ನುವುದು ಆದಿನಾರಾಯಣಪ್ಪನ ಲೆಕ್ಕ. ಬಾವಿಯ ಹಗ್ಗ ಬಿಚ್ಚಿಸಿದ. ಸೋರುತ್ತಿದ್ದ ಕಡೆ ಹೆಂಚು ಹಾಕಿಸುವ ಬದಲು ಇದ್ದ ಹೆಂಚನ್ನೂ ತೆಗೆಸಿದ. ಕೊಡಲು ಬಂದ ಬಾಡಿಗೆಯನ್ನು ಮುಟ್ಟದೆ, ಬಾಡಿಗೆ ಕೊಡದವನು ಎಂದು ಊರೆಲ್ಲ ಹೇಳಿಕೊಂಡು ಬಂದ. ರಾಮಾಂಜಿನಪ್ಪ ಜಗಳಕ್ಕೆ ಬರಲಿಲ್ಲ.

"ಈಸ್ಕೊಳ್ಳಲ್ಲ ಅಂದ್ರೆ ಮನಿಯಾರ್ಡರ್ ಮಾಡ್ತೀನಿ ಸ್ವಾಮಿ. ಅದನ್ನೂ ತಿರುಗಿಸಿದ್ರೆ ಕೋರ್ಟಲ್ಲಿ ಕಟ್ತೀನಿ. ಬಾಡಿಗೆ ಕಟ್ಟೋನ್ನ ಕೋರ್ಟಿನ ಆರ್ಡರ್ ಇಲ್ದೆ ಯಾರೂ ಹೊರಗಾಕಂಗಿಲ್ಲ ಅಂತ ವಕೀಲರು ಹೇಳವ್ರೆ. ಆರ್ಡರ್ ತಗೊಂಡ್ ಬನ್ನಿ. ಅವತ್ತೇ ಮಗ್ಗ ಬಿಚ್ತೀನಿ."

ಓದು ಬಾರದವನ ಬಾಯಲ್ಲಿ ಕಾನೂನು ಕೇಳಿ ಆದಿನಾರಾಯಣಪ್ಪನ ಮೈ ಉರಿದುಹೋಯಿತು. ಈ ಜನಕ್ಕೆ ಕೋರ್ಟಿಗಿಂತ ಮಾಟದ ಹೆದರಿಕೆ ಹೆಚ್ಚು ಎಂದು ಅವನಿಗೆ ಗೊತ್ತಿತ್ತು. ಮಂತ್ರವಾದಿಗೆ ಯಾಕೆ ದಂಡ ತೆರಬೇಕು ಎಂದು ಮಾಟವನ್ನು ತಾನೇ ಕಟ್ಟಿದ. ಕೋಳಿ ಅಂಗಡಿಯ ಹಿಂದೆ ನೊಣ ಮುತ್ತಿದ್ದ ಕರುಳು, ಕಾವಿಗೆ ಕೂತು ಕೆಟ್ಟುಹೋದ ಮೊಟ್ಟೆ, ಮೊಳೆ ಚುಚ್ಚಿದ ನಿಂಬೆಹಣ್ಣು, ಇಷ್ಟು ಕುಂಕುಮ, ಅದರ ಮೇಲೆ ಆ ಹಿಡಿ ಕೂದಲು. ಎಲ್ಲವನ್ನೂ ಕರೀ ಬಟ್ಟೆಯಲ್ಲಿ ಹಾಕಿ ಬರಿಗೈಯಲ್ಲಿ ಹಿಸುಕಿ ಗಂಟು ಬಿಗಿದ. ಬೆರಳ ಸಂದಿಯಲ್ಲಿ ಲೋಳೆ ಜಿನುಗಿತು. ಇಂಥವರಿಗೆ ದೇವರು ಭಯ ಕೊಡದಿದ್ದರೆ ಹೋಗಲಿ, ಅಸಹ್ಯವನ್ನಾದರೂ ಕೊಡಬಾರದಿತ್ತೇ!

ಅಮಾವಾಸ್ಯೆಯ ದಿನ ಮಗ್ಗಗಳಿಗೆ ರಜ. ತಾಯಿ ಮಗ ಇಬ್ಬರೂ ಘಾಟಿ ಸುಬ್ರಹ್ಮಣ್ಯಕ್ಕೆ ಹೋದದ್ದನ್ನು ನೋಡಿಕೊಂಡು, ಮಟಮಟ ಮಧ್ಯಾಹ್ನದಲ್ಲಿ ತನ್ನ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದ. ಹೊರಗೆ ಕಣ್ಣು ಕೋರೈಸುವ ಬಿಸಿಲು. ಒಳಗೆ ಕಿಟಕಿಯಿಲ್ಲದ ಕತ್ತಲು, ಹುಳಿತ ಗಂಜಿಯ ವಾಸನೆ, ಮಗ್ಗದ ಮರಕ್ಕೆ ಅಂಟಿದ ಎಣ್ಣೆಯ ಜಿಡ್ಡು. ಗುಂಡಿಗಿಳಿದು ಹಲಗೆ ಸರಿಸಿ, ತಣ್ಣನೆ ಮಣ್ಣು ಕೆದಕಿ ಗಂಟನ್ನು ಹೂತ. ಎರಡು ದಿನದಲ್ಲಿ ನಾತ ಎದ್ದು, ಮುದುಕಿ ಅಗೆದು ನೋಡಿ, ಎದೆಯೊಡೆದುಕೊಂಡು ಮನೆ ಬಿಡುತ್ತಾಳೆ ಎಂದುಕೊಂಡ. ಮಣ್ಣು ಮುಚ್ಚಿ ಮೇಲೇಳಲು ಕೈಯೂರಿದಾಗ ಅಂಗೈಯ ಕೆಳಗೆ ಗಂಟು ಒಮ್ಮೆ ಉಸಿರೆಳೆದುಕೊಂಡ ಹಾಗಾಯಿತು. ಕೆಟ್ಟ ಮೊಟ್ಟೆ ಒಡೆದಿರಬೇಕು ಎಂದು ಕೈ ಒರೆಸಿಕೊಂಡ.

ನಾತ ಎದ್ದಿತು. ಆದರೆ ಎದ್ದದ್ದು ಆದಿನಾರಾಯಣಪ್ಪನ ಮನೆಯಲ್ಲಿ.

ಹೆಂಡತಿ ಅನುಸೂಯಮ್ಮ ಇಲಿ ಸತ್ತಿದೆ ಎಂದು ಅಟ್ಟವನ್ನೆಲ್ಲ ಜಾಲಾಡಿದಳು. ಮಾರನೆಯ ದಿನ ಅವನು ಕೆಲಸಕ್ಕೆ ಹೋದಾಗ ಮನೆಯಲ್ಲಿ ನಾತವಿರಲಿಲ್ಲ. ತಿರುಗಿ ಬಂದಾಗ ಇತ್ತು. ನಾತ ಎಲ್ಲಿಂದ ಬರುತ್ತಿದೆ ಎಂದು ಅವಳಿಗೆ ಆಗಲೇ ಗೊತ್ತಾಯಿತು. ತನ್ನ ಹಾಸಿಗೆಯನ್ನು ಅಡಿಗೆಮನೆಗೆ ಎಳೆದುಕೊಂಡಳು. ಆಮೇಲೆ ಅನ್ನದಲ್ಲಿ ಕೂದಲು ಸಿಕ್ಕಿತು. ಅವನು ತಟ್ಟೆ ಎತ್ತಿ ಎಸೆದ.

"ನನ್ನ ಕೂದ್ಲು ಮೊಣಕಾಲು ಮುಟ್ತದೆ. ಈ ಚೂರು ನಂದಲ್ಲ ಕಣ್ರೀ" ಎಂದಳು ಅನುಸೂಯಮ್ಮ. "ಅನ್ನದಲ್ಲೂ ಇರ್ಲಿಲ್ಲ. ನಿಮ್ಮ ಬಾಯಿಂದ ಬಿತ್ತು. ನಾನೇ ನೋಡ್ದೆ."

ಅವನು ನಾಲಿಗೆ ಹೊರಚಾಚಿ ಬೆರಳಾಡಿಸಿದ. ಒದ್ದೆ ಚೂರುಗಳು ಅಂಟಿಕೊಂಡು ಬಂದವು. ಕರಿಯವು ಕೆಲವು, ನರೆತವು ಕೆಲವು. ಬಾಯಿ ಮುಕ್ಕಳಿಸಿದ. ಮತ್ತೆ ಬಂದವು.

ಅದರ ಜೊತೆಗೆ ಹೊಟ್ಟೆಯೊಳಗೆ ಬಡಿತ ಶುರುವಾಯಿತು. ದಡಕ್. ದಡಕ್. ಯಾರೋ ಕರುಳನ್ನು ಹಿಮ್ಮಡಿಯಿಂದ ಒತ್ತಿ ಒತ್ತಿ ಬಿಟ್ಟ ಹಾಗೆ. ಒತ್ತಿದಾಗಲೆಲ್ಲ ಗಂಟಲಿಗೆ ಒಂದು ತುತ್ತು ಏರುತ್ತಿತ್ತು. ಬೆಳಗಾಗುತ್ತಲೇ ಶುರು, ಊಟದ ಹೊತ್ತಿಗೆ ಬಿಡುವು, ದೀಪ ಹಚ್ಚುವ ತನಕ ಮತ್ತೆ. ಡಾಕ್ಟರು ಅಜೀರ್ಣ ಎಂದು ಕೆಂಪು ನೀರು ಕೊಟ್ಟರು. ಅದನ್ನೂ ಕೂದಲ ಸಮೇತ ಕಕ್ಕಿದ. ಕೈ ಕೆಸರಾದರೆ ಬಾಯಿಗೆ ಮೊಸರು ಅನ್ನುತ್ತಾರೆ. ಇವನ ಕೈ ಕೆಸರಿನಲ್ಲಿ ಆಡಿದ್ದು ನಿಜ, ಬಾಯಿಗೆ ಬಂದದ್ದು ಮೊಸರಲ್ಲ.

ಒಂದು ಸಂಜೆ ವಠಾರದ ಮುಂದೆ ಹಾದುಹೋಗುವಾಗ ಅವನ ಕಾಲು ನಿಂತುಬಿಟ್ಟಿತು. ಒಳಗೆ ರಾಮಾಂಜಿನಪ್ಪನ ಮಗ್ಗ ಆಡುತ್ತಿತ್ತು. ಹಲಗೆ ದಡಕ್. ಹೊಟ್ಟೆ ದಡಕ್. ಲಾಳಿ ಸುಯ್ಯೆಂದು ಓಡಿತು. ಹಲಗೆ ದಡಕ್. ಹೊಟ್ಟೆ ದಡಕ್. ಅವನು ಗೋಡೆ ಹಿಡಿದುಕೊಂಡು ಬೀದಿಯಲ್ಲೇ ಕಾರಿಕೊಂಡ. ಬಿದ್ದದ್ದನ್ನು ಮೂಸಲು ಬಂದ ನಾಯಿ ಬಾಲ ಮುದುರಿಕೊಂಡು ಹಿಂದೆ ಸರಿಯಿತು.

ಮುಂದಿನ ಅಮಾವಾಸ್ಯೆಯಂದು ಮಗ್ಗ ನಿಂತಿತು. ಅವತ್ತು ಇಡೀ ದಿನ ಹೊಟ್ಟೆ ತಣ್ಣಗಿತ್ತು. ಆ ಬಿಡುವಿನಲ್ಲೇ ಅವನು ಬೂದಿಗೆರೆಯ ಮಂತ್ರವಾದಿ ದೊಡ್ಡಮುನಿಯಪ್ಪನ ಕಾಲು ಹಿಡಿದ. ದೊಡ್ಡಮುನಿಯಪ್ಪ, ಅವನು ಕರ್ಚೀಫಿನಲ್ಲಿ ಕಟ್ಟಿ ತಂದಿದ್ದ ಕೂದಲನ್ನು ಕಡ್ಡಿಯಿಂದ ಕೆದಕಿ, ಮೂಗಿನ ಹತ್ತಿರ ತಂದು, ಮುಖ ಕಿವುಚಿದ.

"ತಲೆಗೆ ಯಾವ ಎಣ್ಣೆ ಹಚ್ತೀಯಪ್ಪಾ?"

"ಮಲ್ಲಿಗೆ ಎಣ್ಣೆ. ಬೆಂಗಳೂರಿಂದ ತರಿಸ್ತೀನಿ."

"ಇದ್ರಲ್ಲೂ ಮಲ್ಲಿಗೆ ವಾಸ್ನೆನೇ ಐತೆ. ಮಾಟಕ್ಕೆ ನಿನ್ ಕೂದ್ಲನ್ನೇ ಇಕ್ಕಿದೀಯ ಕಣೋ."

ಆದಿನಾರಾಯಣಪ್ಪನಿಗೆ ಮುನಿಸ್ವಾಮಿಯ ಕುರ್ಚಿ ನೆನಪಾಯಿತು. ಕಾಲ ಬುಡದ ರಾಶಿ ನೆನಪಾಯಿತು. ಆ ರಾಶಿಯ ಮೇಲೆ ಬಿದ್ದಿದ್ದು ಯಾರ ತಲೆಯದು?

"ಬಿಡಿಸಿ ಸ್ವಾಮಿ, ಏನ್ ಬೇಕಾದ್ರೂ ಕೊಡ್ತೀನಿ."

"ಹೆಂಗ್ ಬಿಡಿಸ್ಲಿ? ಅದು ತಾನಾಗಿ ನುಗ್ಗಿದ್ದಲ್ಲ. ನೀನೇ ಕೈಯಾರೆ ಕಟ್ಟಿ, ನಿನ್ ಕೂದ್ಲನ್ನ ಮುಂಗಡ ಕೊಟ್ಟು, ಮೈಯೊಳಗೆ ಜಾಗ ಮಾಡ್ಕೊಟ್ಟಿದೀಯ. ಈಗ ಬಿಡು ಅಂದ್ರೆ ಬಿಡ್ತದಾ? ಇಟ್ಟೋನ ಕೈಯೇ ಅದನ್ನ ಕಿತ್ತು ತರ್ಬೇಕು. ಬೇರೆಯೋರು ಮುಟ್ಟಂಗಿಲ್ಲ. ಆ ಮನೆಯೋರು ಬಾ ಅಂತ ಕರೀಬೇಕು. ಕದ್ದು ಹೋದ್ರೆ ಇನ್ನೂ ಆಳಕ್ಕಿಳೀತದೆ."

ಬಸ್ಸಿಳಿದವನೇ ಅವನು ವಠಾರಕ್ಕೆ ಓಡಿದ. ಬಾಗಿಲಿಗೆ ಹೊಸ ಬೀಗದ ಕೊಂಡಿ. ಹೊಸ್ತಿಲ ಮೇಲೆ ಪಿಳ್ಳಮ್ಮ ಕೂತಿದ್ದಳು, ಹಿಂದೆ ರಾಮಾಂಜಿನಪ್ಪ ನಿಂತಿದ್ದ. ಊರನ್ನೆಲ್ಲ ಗದರಿಸಿದ ಬಾಯಿಂದಲೇ ಆದಿನಾರಾಯಣಪ್ಪ ಎಲ್ಲವನ್ನೂ ಒಪ್ಪಿಕೊಂಡ. ಕೀಲಿ, ಕರುಳು, ಮೊಟ್ಟೆ, ಗಂಟು. ಇಟ್ಟವನ ಕೈಯೇ ತೆಗೆಯಬೇಕು, ಬೇರೆಯವರು ಮುಟ್ಟಬಾರದು ಎಂದು ಮಂತ್ರವಾದಿ ಹೇಳಿದ್ದನ್ನೂ ಹೇಳಿದ. ಮುದುಕಿ ಕೇಳುತ್ತ ಕೇಳುತ್ತ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಥೂ! ಅನ್ನ ಕೊಡೋ ಗುಂಡಿಲಿ ಇದನ್ನಿಕ್ಕಿದ್ಯೇನೋ? ನನ್ ಮಗ ದಿನಾ ಕಾಲಿಡೋ ಜಾಗ್ದಲ್ಲಿ?"

"ಒಂದೇ ಗಳಿಗೆ ಅಮ್ಮಾ. ಒಳಗೆ ಬಿಡಿ. ತಕ್ಕೊಂಡು ಹೋಗ್ತೀನಿ. ಮನೆ ನಿಮ್ಗೇ ಇರ್ಲಿ."

ರಾಮಾಂಜಿನಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತುಳಿದ ಹೇಸಿಗೆಯನ್ನು ನೋಡುವ ಹಾಗೆ ನೋಡಿದ.

"ಒಂದ್ಸಲ ಬಂದು ಇದನ್ನಿಟ್ರಿ. ಇನ್ನೊಂದ್ಸಲ ಬಂದು ಏನಿಡ್ತೀರೋ ನಂಗೇನ್ ಗೊತ್ತು? ನಮ್ಗೆ ಇದುವರ್ಗೂ ಏನೂ ಆಗಿಲ್ಲ, ನಾವು ಅದನ್ನ ಮುಟ್ಟೋದೂ ಇಲ್ಲ. ನಾನು ಬಾಡಿಗೆ ಕಟ್ಟೋ ಮನೆ ಸ್ವಾಮಿ ಇದು. ಒಳಗೆ ಬರ್ಬೇಕು ಅಂದ್ರೆ ಕೋರ್ಟಿಂದ ಆರ್ಡರ್ ತಗೊಂಡ್ ಬನ್ನಿ."

ಬಾಗಿಲು ಮುಚ್ಚಿತು. ಅಗುಳಿ ಬಿತ್ತು. ಮರುದಿನ ಬೆಳಗಾಯಿತು. ದಡಕ್.

ಬೇರೆ ದಾರಿಯಿಲ್ಲದೆ ಆದಿನಾರಾಯಣಪ್ಪ ಮನೆ ಬಿಡಿಸಿಕೊಡಿ ಎಂದು ಸಾಹುಕಾರರ ಹೆಸರಿನಲ್ಲಿ ಕೋರ್ಟಿಗೆ ಹಾಕಿದ. ವಾಯಿದೆಯ ಮೇಲೆ ವಾಯಿದೆ. ಅವನ ಕೆನ್ನೆ ಗುಳಿಬಿತ್ತು. ಅನುಸೂಯಮ್ಮ ತವರಿಗೆ ಹೋಗಿ ಕೂತಳು. ಹೋಟೆಲಿನವರು ಅವನ ಲೋಟವನ್ನು ಬೇರೆ ಇಟ್ಟರು. ಮುನಿಸ್ವಾಮಿ ಅವನಿಗೆ ಕುರ್ಚಿ ಕೊಡಲಿಲ್ಲ. ತಲೆಯ ಮೇಲೆ ಕತ್ತರಿಸುವುದಕ್ಕೂ ಅಂಥದ್ದೇನೂ ಉಳಿದಿರಲಿಲ್ಲ. ಬುರುಡೆ ಬೋಳಾಗುತ್ತ ಬಂದ ಹಾಗೆ ಹೊಟ್ಟೆ ಉಬ್ಬುತ್ತ ಹೋಯಿತು.

ಕೊನೆಗೆ ಅವನು ಸಾಕ್ಷಿ ಹೇಳುವ ದಿನ ಬಂತು. ರಾಮಾಂಜಿನಪ್ಪನ ಕಡೆಯಿಂದ ವಕೀಲರು ಮಾತ್ರ ಬಂದಿದ್ದರು. ರಾಮಾಂಜಿನಪ್ಪನಿಗೆ ಮದುವೆಯ ಸೀರೆಯೊಂದನ್ನು ಮುಗಿಸುವ ಅವಸರವಿತ್ತು.

"ಬಾಡಿಗೆ ಸರಿಯಾಗಿ ಬರ್ತಾ ಇದೆ. ಮತ್ಯಾವ ಕಾರಣಕ್ಕೆ ಅವರನ್ನ ಬಿಡಿಸ್ಬೇಕು? ಹೇಳಿ" ಎಂದರು ಮುನ್ಸೀಫರು.

ಆದಿನಾರಾಯಣಪ್ಪ ಕಟಕಟೆ ಹಿಡಿದುಕೊಂಡ. ದಡಕ್. ಹೇಳಬೇಕು. ಈಗಲೇ ಹೇಳಬೇಕು. ದಡಕ್. ಗಂಟಲು ತುಂಬಿತು. ಉಸಿರು ಕಟ್ಟಿತು. ದಡಕ್. ಎರಡೂ ಕೈಯಲ್ಲಿ ಬಾಯಿ ಒತ್ತಿಕೊಂಡ. ಬೆರಳ ಸಂದಿಯಿಂದ ಕರೀ ಚೂರುಗಳು ಇಣುಕಿದವು. ದಡಕ್. ಕೈ ಬಿಟ್ಟುಹೋಯಿತು.

ಬಿದ್ದದ್ದು ಮಾತಲ್ಲ. ಒದ್ದೆ ಉಂಡೆಯೊಂದು ಕಟಕಟೆಯ ಹಲಗೆಯ ಮೇಲೆ ಪಚಕ್ಕನೆ ಬಿತ್ತು. ಕೊಳೆತ ಮೊಟ್ಟೆಯ ನಾತದ ಜೊತೆಗೆ ಮಲ್ಲಿಗೆ ಎಣ್ಣೆಯ ಘಮ ಕೋರ್ಟಿನ ತುಂಬ ಹರಡಿತು. ಗುಮಾಸ್ತ ಮೂಗು ಹಿಡಿದುಕೊಂಡು ಕಿಟಕಿ ತೆರೆದ. ಮುನ್ಸೀಫರು ಕರವಸ್ತ್ರದ ಒಳಗಿನಿಂದಲೇ ಮುಂದಿನ ವಾಯಿದೆ ಕೊಟ್ಟರು.

ತೆರೆದ ಕಿಟಕಿಯಿಂದ ನೇಕಾರರ ಬೀದಿಯ ಮಗ್ಗಗಳ ಸದ್ದು ಒಳಗೆ ಬರುತ್ತಿತ್ತು. ಅಷ್ಟು ಮಗ್ಗಗಳ ನಡುವೆ ರಾಮಾಂಜಿನಪ್ಪನದು ಯಾವುದೆಂದು ಆದಿನಾರಾಯಣಪ್ಪನೊಬ್ಬನಿಗೇ ತಿಳಿಯುತ್ತಿತ್ತು.