ಹಲ್ಲಿಗೆ ಸಿಕ್ಕ ತಂತಿ

“ಆ ಮನೇದು ಏನ್ನೂ ಬಾಯ್ಗೆ ಮಾತ್ರ ಇಟ್ಕಬ್ಯಾಡ ಕಣ್ಲಾ ಮಗ,” ಎಂದ ಕುಳ್ಳಯ್ಯ, ಹಾಲಿನ ಕ್ಯಾನನ್ನು ಕಲ್ಲುಚಪ್ಪಡಿಯ ಮೇಲಿಳಿಸುತ್ತ. “ಮೂವತ್ತು ವರ್ಸದಿಂದ ಅಲ್ಲಿ ಹಾಲು ಕರೀತೀನಿ. ಒಂದು ಲೋಟ ಮಜ್ಜಿಗೆ ಕುಡುದಿಲ್ಲ. ಮದ್ದಿನ ಮನೆ ಅದು.”

ಕಿಕ್ಕೇರಿಯ ಹಳೆಯ ಬೀದಿಯಲ್ಲಿ ಬೈಕು ನಿಲ್ಲಿಸಿ ದಾರಿ ಕೇಳುತ್ತಿದ್ದ ಸಿದ್ದರಾಜು ಹೆಲ್ಮೆಟ್ಟಿನೊಳಗೇ ನಕ್ಕ. ಹದಿನೈದು ವರ್ಷ ವೈರಿಂಗ್ ಕೆಲಸದಲ್ಲಿ ಪಳಗಿದವನು. ಕೂದಲು, ಉಗುರು, ಬೇರು ಅರೆದು ಅನ್ನದಲ್ಲಿ ಕಲಸಿ ಹಗೆಯವರ ಹೊಟ್ಟೆಗೆ ಇಳಿಸುವ ಮದ್ದಿನ ಕತೆಗಳನ್ನು ಕೇಳುತ್ತಲೇ ಬೆಳೆದವನು. ಅತಿಯಾಗಿ ಕೇಳಿಯೇ ಅವುಗಳಲ್ಲಿ ನಂಬಿಕೆ ಕಳೆದುಕೊಂಡವನು.

“ಕರೆಂಟು ಹೊಡುದ್ರೇ ಸಾಯ್ನಿಲ್ಲ ಅಜ್ಜ ನಾನು. ಕಾಫಿ ಕುಡುದ್ ಸಾಯ್ತೀನಾ?”

“ನಗು, ನಗು. ಊರಾಗೇ ಇಬ್ರು ಕರೆಂಟಿನ ಕೆಲ್ಸದೋರವ್ರೆ. ಅಷ್ಟು ದೂರದ ಗಂಜಾಮಿಂದ ನಿನ್ನನ್ಯಾಕೆ ಕರುಸ್ಕಂಡ್ರು, ಕೇಳ್ದಾ?”

ಕೇಳಿರಲಿಲ್ಲ. ಬೆಳಿಗ್ಗೆ ಹೊರಡುವ ಹೊತ್ತಿಗೆ ಅವನ ಮನಸ್ಸೆಲ್ಲ ಹತ್ತು ತಿಂಗಳ ಮಗಳ ಮೇಲಿತ್ತು. ಕೂಸು ಅವನ ತೋರುಬೆರಳನ್ನು ಬಾಯಿಗೆಳೆದುಕೊಂಡು, ಅಕ್ಕಿಕಾಳಿನಂಥ ಎರಡು ಹೊಸ ಹಲ್ಲುಗಳಿಂದ ಕಡಿದಿತ್ತು. ಇಕ್ಕಳ ಕೈಯಲ್ಲಿದ್ದರೂ ವೈರಿನ ತುದಿಯನ್ನು ಹಲ್ಲಿನಿಂದಲೇ ಸುಲಿಯುವುದು ಅವನ ಹಳೆಯ ಅಭ್ಯಾಸ. “ನೋಡೇ ರಂಜಿತ, ಈಗ್ಲೇ ವೈರು ಸುಲೀತಾವ್ಳೆ. ಅಪ್ಪನ ಕಸುಬೇ ಇವ್ಳಿಗೂ,” ಎಂದು ಹೆಂಡತಿಗೆ ತೋರಿಸಿ ನಕ್ಕಿದ್ದ. ಬೆರಳ ತುದಿಯಲ್ಲಿ ಆ ಸಿಹಿನೋವು ಇನ್ನೂ ಆರಿರಲಿಲ್ಲ.

ಹೊಸ್ತಿಲು ದಾಟಿದೊಡನೆ ವಾಸನೆ ಎದುರುಗೊಂಡಿತು. ಹಳೆಯ ಮನೆಗಳಿಗೆಲ್ಲ ಒಂದು ವಾಸನೆ ಇದ್ದೇ ಇರುತ್ತದೆ: ಹೊಗೆ, ಬಾವಲಿಯ ಹಿಕ್ಕೆ, ಒದ್ದೆಯಾದ ಸುಣ್ಣ. ಇದು ಅದಲ್ಲ. ತಲೆಗೆ ಹರಳೆಣ್ಣೆ ಬಳಿದುಕೊಂಡ ಯಾರೋ ಅದನ್ನು ತೊಳೆಯದೆ, ಮಲಗಿದಲ್ಲಿಂದ ಏಳದೆ, ವರ್ಷಗಟ್ಟಲೆ ಹಾಗೆಯೇ ಕೊಳೆಯುತ್ತಿರುವಂಥ ವಾಸನೆ.

ಮನೆಯೊಡತಿ ಜಯಲಕ್ಷ್ಮಮ್ಮ ಕಾಫಿ ತಂದರು. “ನಿನ್ನನ್ನ ಬೂಕನಕೆರೆ ಡೈರೀಲಿ ನೋಡಿದ್ದೆ ಕಣಪ್ಪ, ನೀನು ಮೋಟ್ರು ರಿಪೇರಿ ಮಾಡ್ತಿದ್ದೆ. ಕಂಡ ತಕ್ಷಣ ಇವ್ನೇ ಸರಿ ಅನ್ನುಸ್ತು.” ಮಾತಾಡುವಾಗ ಅವರ ನೋಟ ಅವನ ಕಣ್ಣಿನ ಮೇಲಿರಲಿಲ್ಲ, ಬಾಯಿಯ ಮೇಲಿತ್ತು.

ನಡುಮನೆಯ ಪಕ್ಕದ ಕೋಣೆಯಲ್ಲಿ ಅವರ ಮಗಳು ಅರ್ಪಿತ ಮಲಗಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ತೋಳುಗಳು ಒಣಗಿದ ನುಗ್ಗೆಕಾಯಿ. ತಲೆದೆಸೆಯಲ್ಲಿ ತಟ್ಟೆಯಲ್ಲಿನ ಮೊಸರನ್ನ ಬತ್ತಿದ ಕೆರೆಯಂಗಳದಂತೆ ಬಿರುಕುಬಿಟ್ಟಿತ್ತು. ಅದರ ಮೇಲೆ ಕುಳಿತ ನೊಣಗಳೂ ಏಳಲು ಬೇಸರಪಡುತ್ತಿದ್ದವು.

“ಮೂರು ತಿಂಗ್ಳಾಯ್ತು, ಒಂದು ತುತ್ತು ಇಳೀತಿಲ್ಲ,” ಎಂದರು ತಾಯಿ.

ಸಿದ್ದರಾಜು ಬೇಕೆಂದೇ ಕಾಫಿಯನ್ನು ಸದ್ದುಮಾಡಿ ಹೀರಿದ. ಏನೂ ಆಗಲಿಲ್ಲ. ಕುಳ್ಳಯ್ಯನಿಗೆ ಹೇಳಿ ನಗಬೇಕು ಅಂದುಕೊಂಡ.

ವೈರಿಂಗು ಅವನ ಅಪ್ಪನ ಕಾಲದ್ದು. ಗೋಡೆಯುದ್ದಕ್ಕೂ ಮರದ ಪಟ್ಟಿ. ಪಟ್ಟಿಯ ಮೇಲೆ ಬಟ್ಟೆ ಸುತ್ತಿದ ರಬ್ಬರು ವೈರು. ರಬ್ಬರು ಬೆವರಿ, ಅಂಟಾಗಿ, ಹಲ್ಲಿಯ ಬಾಲ, ನೊಣದ ರೆಕ್ಕೆಗಳನ್ನೆಲ್ಲ ಮೈಗೆ ಹತ್ತಿಸಿಕೊಂಡಿತ್ತು. ಕರಿಯ ಗುಂಡು ಸ್ವಿಚ್ಚಿನ ಮುಚ್ಚಳ ತಿರುಗಿಸಿದರೆ ಒಳಗಿನಿಂದ ಜಿರಲೆಗಳು ಕೀವಿನ ಹಾಗೆ ಸುರಿದವು. ಎಲ್ಲವನ್ನೂ ಕಿತ್ತು ಹೊಸದಾಗಿ ಎಳೆಯಲು ವಾರ ಬೇಕು. ಇವತ್ತಿಗೆ ರೋಗಿಯ ಕೋಣೆಯ ಫ್ಯಾನಿಗಾದರೂ ಹೊಸ ವೈರು ಜೋಡಿಸಿಕೊಡೋಣವೆಂದು, ಮೇನ್ ಆರಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಏಣಿ ಹತ್ತಿದ.

ಹೊರಗೆ ಸುಡುವ ನಡುಹಗಲು. ಅಟ್ಟದಲ್ಲಿ ಮಾತ್ರ ಎಂದೂ ಯಾರೂ ಕದಡದ ಕತ್ತಲು. ವಾಸನೆಯ ಹುಟ್ಟೂರು ಅಲ್ಲೇ ಇತ್ತು. ತೊಲೆಯ ಮೂಲೆಯಲ್ಲಿ ವೈರುಗಳು ಕೂಡುವ ಗಂಟು. ಟೆಸ್ಟರು ಮುಟ್ಟಿಸಿದ, ಬೆಳಕಿಲ್ಲ, ಕರೆಂಟಿಲ್ಲ. ಆದರೂ ಗಂಟು ಬೆಚ್ಚಗಿತ್ತು, ಕಂಕುಳಿನ ಹಾಗೆ.

ಹೊರಗಿನ ಬಿಸಿಲಿಗೆ ಕಾದ ಹಳೆಯ ಟೇಪಿರಬೇಕು ಅಂದುಕೊಂಡ. ಒಂದು ಕೈಯಲ್ಲಿ ತೊಲೆ, ಇನ್ನೊಂದರಲ್ಲಿ ಟಾರ್ಚು. ಇಕ್ಕಳ ಸೊಂಟದಲ್ಲೇ ಇತ್ತು; ತೆಗೆಯಲು ಬೇಸರ. ಎಂದಿನಂತೆ ಬಗ್ಗಿ, ಗಂಟಿಗೆ ಹಲ್ಲು ಹಾಕಿದ.

ಹಲ್ಲು ಇಳಿಯಿತು. ರಬ್ಬರಿನಂತೆ ಅಲ್ಲ. ಒಸಡಿನಂತೆ. ಒಳಗಿನದು ಒಡೆದು ನಾಲಿಗೆಯ ಮೇಲೆ ಹರಿಯಿತು. ಕಮಟು ಹರಳೆಣ್ಣೆ. ಹಳಸಿದ ಸಿಹಿ. ಉಗುರಿನ ಚೂರುಗಳು ಹಲ್ಲುಸಂದಿಗೆ ಸಿಕ್ಕವು. ಉಗುಳಿದ. ಉಗುಳು ಬೀಳಲಿಲ್ಲ, ದಾರವಾಗಿ ಜೋತಾಡಿತು. ದಾರವಲ್ಲ. ಕೂದಲು. ಉದ್ದ ಕೂದಲು. ಹಿಡಿದು ಎಳೆದ. ಮೊಳ ಬಂತು. ಇನ್ನೊಂದು ಮೊಳ. ಆಮೇಲೆ ಅದು ನಿಂತಿತು. ನಿಂತು, ಒಳಗಿನಿಂದ ತಿರುಗಿ ಎಳೆಯಿತು. ಬೆರಳಿನಿಂದ ಜಾರಿತು. ತುಟಿ ದಾಟಿತು. ಗಂಟಲು ದಾಟಿತು. ತಣ್ಣಗೆ ಸುರುಳಿ ಸುತ್ತಿ ಹೊಟ್ಟೆಯಲ್ಲಿ ಕುಳಿತಿತು.

ಕೆಳಗಿನಿಂದ ದನಿ ಕೇಳಿತು.

“ಅವ್ವ, ಹಸೀತದೆ. ಅನ್ನ ಇಕ್ಕು.”

ಅವನು ಇಳಿದು ಬರುವಷ್ಟರಲ್ಲಿ ಅರ್ಪಿತ ಎದ್ದು ಕೂತು ಎರಡೂ ಕೈಯಲ್ಲಿ ಉಣ್ಣುತ್ತಿದ್ದಳು. ಮೊಸರು ಮೊಣಕೈವರೆಗೆ ಹರಿದಿತ್ತು. ಜಯಲಕ್ಷ್ಮಮ್ಮ ಅಳುತ್ತ ಬಡಿಸುತ್ತಿದ್ದರು. ಅವನ ಕಡೆ ತಿರುಗಿ ನೋಡಲೇ ಇಲ್ಲ.

ಅಂದಿನಿಂದ ಸಿದ್ದರಾಜುವಿಗೆ ಊಟ ಸೇರಲಿಲ್ಲ. ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ ತುತ್ತಿನ ತುಂಬ ಕೂದಲು. ನೀರಿನಲ್ಲೂ ಹರಳೆಣ್ಣೆಯ ಕಮಟು. ಆಸ್ಪತ್ರೆಯಲ್ಲಿ ಗಂಟಲಿಗೆ ಕ್ಯಾಮೆರಾ ಇಳಿಸಿ, ಏನೂ ಇಲ್ಲ ಎಂದರು. ಒಂಬತ್ತನೆಯ ದಿನ ರಂಜಿತ ಅವನನ್ನು ಚಿನಕುರಳಿಗೆ, ಮದ್ದು ಕಕ್ಕಿಸುವ ಚಲುವಮ್ಮನ ಬಳಿಗೆ ಕರೆದೊಯ್ದಳು. ಸೊಪ್ಪಿನ ರಸ ಕುಡಿಸಿದರೂ ಬರಿಯ ಹಸಿರು ನೀರು ಬಂತು.

“ಯಾರಾರಾ ಇಕ್ಕಿದ್ದಾಗಿದ್ರೆ ಕಕ್ಕುಸ್ಬೋದಿತ್ತು,” ಎಂದಳು ಮುದುಕಿ, ಮೂಗಿಗೆ ಸೆರಗು ಹಿಡಿದು. “ಇದ್ನ ನೀನೇ ಬಾಯ್ಗಿಟ್ಕಂಡಿದ್ದೀಯ. ಇನ್ಯಾರಾರಾ, ಕೊಡ್ದೆ, ಕೇಳ್ದೆ, ಅವ್ರಾಗವ್ರೇ ಬಾಯ್ಗಿಟ್ಕಂಡ್ರೇ ನಿನ್ ಬುಟ್ಟು ಹೋಗೋದು.”

ಅವನಿಗೆ ಬೂಕನಕೆರೆಯ ಡೈರಿ ನೆನಪಾಯಿತು. ಹಲ್ಲಿನಲ್ಲಿ ವೈರು ಕಚ್ಚಿಕೊಂಡು ನಿಂತಿದ್ದ ತಾನು. ಹಾಲು ಹಾಕಲು ಬಂದ ಹೆಂಗಸರ ಸಾಲಿನಲ್ಲಿ ಕದಲದೆ ನೋಡುತ್ತಿದ್ದ ಎರಡು ಕಣ್ಣು. ಅಲ್ಲಿಂದಲೇ ಜಯಲಕ್ಷ್ಮಮ್ಮನವರಿಗೆ ಫೋನು ಮಾಡಿದ.

“ನನ್ ಹಲ್ಲು ನೋಡಿ ಕರೆದ್ರಾ ಅಮ್ಮ?”

“ನಾನು ಸೊಸೆಯಾಗಿ ಬಂದ ವರ್ಸ ನಮ್ಮತ್ತೆ ಸುತ್ತಿಸಿಟ್ಟಿದ್ದು ಅದು. ನನ್ ಹೊಟ್ಟೇಲಿ ಹುಟ್ಟಿದ ಹೆಣ್ಣು ಅನ್ನ ಕಾಣ್ಬಾರ್ದು ಅಂತ. ಮೊದಲ್ನೇವ್ಳು ಅಂಗೇ ಹೋದ್ಲು. ಉಳಿದಿರೋದು ಇವ್ಳೊಬ್ಳು. ನೀನೂ ಮಗ್ಳಿರೋನು ಕಣಪ್ಪ, ನೀನೇ ಹೇಳು.”

ಅವನು ಫೋನು ಕತ್ತರಿಸಿದ. ಮನೆಗೆ ಬಂದವನು ಒಂದು ನಿರ್ಧಾರ ಮಾಡಿದ: ಈ ಹೇಸಿಗೆ ತನ್ನಲ್ಲೇ ಸಾಯಲಿ. ತಟ್ಟೆ ಲೋಟ ಬೇರೆ ಇಟ್ಟುಕೊಂಡ. ಉಪಕರಣದ ಚೀಲಕ್ಕೆ ಬೀಗ ಹಾಕಿದ. ಮುಂಬಾಗಿಲ ಕೋಣೆಯಲ್ಲಿ ಒಬ್ಬನೇ ಮಲಗಿ, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ. ಬಾಗಿಲಾಚೆ ಕೂಸು ಹೊಸ್ತಿಲನ್ನು ಕೆರೆದು ಅಳುತ್ತಿತ್ತು. ಕಿವಿ ಮುಚ್ಚಿಕೊಳ್ಳುತ್ತಿದ್ದ. ತನ್ನ ಜೊಲ್ಲಿನ ವಾಸನೆಗೆ ತಾನೇ ಮುಖ ಕಿವುಚುತ್ತಿದ್ದ.

ಹದಿಮೂರನೆಯ ದಿನ ಮಧ್ಯಾಹ್ನ ಚಿಲಕ ಹಾಕುವಷ್ಟು ತ್ರಾಣವೂ ಕೈಯಲ್ಲಿ ಉಳಿದಿರಲಿಲ್ಲ. ಚಾಪೆಯ ಮೇಲೆ ಬಿದ್ದವನಿಗೆ ಹಾಗೆಯೇ ಜೊಂಪು ಹತ್ತಿತು.

ಎಚ್ಚರವಾದಾಗ ಅಡುಗೆಮನೆಯಿಂದ ಇಂಗಿನ ಒಗ್ಗರಣೆಯ ಘಮ ತೇಲಿ ಬರುತ್ತಿತ್ತು. ಬಾಯಲ್ಲಿ ನೀರೂರಿತು. ಹೊಟ್ಟೆ ಹಗುರ. ಗಂಟಲು ತೆರವು. ಮಳೆ ಬಿದ್ದ ಹೊಲದಂತೆ ಮೈಯೆಲ್ಲ ಎದ್ದುನಿಂತಿತು. ನಗುನಗುತ್ತ ಕೂಗಿದ:

“ರಂಜಿ, ಹಸೀತದೆ ಕಣೇ. ಅನ್ನ ಇಕ್ಕು.”

ಆಡಿದ ಮಾತು ಅವನ ಕಿವಿಗೇ ತಿರುಗಿ ಬಿತ್ತು. ಆ ಮಾತನ್ನು ಎಲ್ಲಿ ಕೇಳಿದ್ದ?

ತೋರುಬೆರಳು ಒದ್ದೆಯಾಗಿತ್ತು. ತುದಿಯಲ್ಲಿ ಎರಡು ಅಕ್ಕಿಕಾಳಿನ ಗುರುತು.

ಪಕ್ಕದಲ್ಲಿ ಮಗಳು ಕೂತಿದ್ದಳು. ಅಳುತ್ತಿರಲಿಲ್ಲ. ತುಟಿಯಂಚಿನಿಂದ ಒಂದು ಕಪ್ಪು ಎಳೆ ಇಣುಕಿತ್ತು. ಅವನು ಹಿಡಿಯಲು ಹೋದ. ಎಳೆ ಒಳಗೆ ಸರಿಯಿತು.

ರಂಜಿತ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಆವಿಯಾಡುವ ತಟ್ಟೆ ತಂದಿಟ್ಟಳು. ಮೊದಲ ಅಗುಳನ್ನು ಎಂದಿನಂತೆ ಕೂಸಿನ ಬಾಯಿಗೆ ಹಿಡಿದಳು. ಕೂಸು ತುಟಿ ಬಿಗಿದು ಮುಖ ತಿರುಗಿಸಿತು.

ಸಿದ್ದರಾಜುವಿನ ಕೈ, ಅವನನ್ನು ಕೇಳದೆ, ತಟ್ಟೆಗೆ ಹೋಯಿತು.