ದೀಪ ಆರಿಸುವ ಅಧಿಕಾರ

ನೀಲಿ ದೀಪ ಹೊತ್ತಿಕೊಂಡಿತು. ಬಾಣಂತಿ ರುಬೀನಾ ಅಂಗೈ ಚಾಚಿದಳು. ಬೆರಳ ಸಂದುಗಳಲ್ಲಿ ಹಸಿರು ಚುಕ್ಕೆಗಳು ಮಿನುಗಿದವು.

"ಇನ್ನೂ ಅದಾವಲ್ರೀ! ಎಷ್ಟ್ ತೊಳಕೋಬೇಕ್ರೀ ನಾ?" ಎಂದು ಅಳುಮೋರೆ ಮಾಡಿದಳು.

ಅದು ಇಸವಿ ಎರಡು ಸಾವಿರದ ಅರವತ್ತೆರಡು, ವಿಜಯಪುರದ ಒಂದು ಹೆರಿಗೆ ಆಸ್ಪತ್ರೆ. ಡಾ. ನಾಗವೇಣಿ ಪಾಟೀಲರು ಕಂಡುಹಿಡಿದ ಈ ದೀಪದ ಬೆಳಕಿನಲ್ಲಿ ಬರಿಗಣ್ಣಿಗೆ ಕಾಣದ ಸೂಕ್ಷ್ಮಾಣುಗಳು ಹಸಿರಾಗಿ ಹೊಳೆಯುತ್ತಿದ್ದವು. ದೀಪ ಬಂದ ಮೇಲೆ ಆಸ್ಪತ್ರೆಗಳಲ್ಲಿ ಸೋಂಕು ಬಹಳ ಇಳಿಯಿತು. ಹೆಸರಾಂತ ಸರ್ಜನ್ನರೂ ಶಾಲಾಮಕ್ಕಳಂತೆ ಕೈ ತೋರಿಸಿ ಒಳಗೆ ಹೋಗತೊಡಗಿದರು. ನೋಡಲು ಬಲು ಮಜವಾಗಿತ್ತು! ಆದರೆ ಹಸಿರು ಕಂಡರೆ ಒಳಗೆ ಬಿಡಬಾರದೆಂಬ ನಿಯಮವೂ ಬಂತು. ಉಜ್ಜಿ ಉಜ್ಜಿ ಎಲ್ಲರ ಅಂಗೈ ಸಿಪ್ಪೆ ಏಳುತ್ತಿತ್ತು.

ಅಂದು ಸುಮಂಗಲಾ ಹೂಗಾರ ಎಂಬ ನರ್ಸಿಗೆ ಪರೀಕ್ಷೆ. ಪಾಸಾದರೆ ಸೋಂಕು ನಿಯಂತ್ರಣಾಧಿಕಾರಿಯ ಪ್ರಮಾಣಪತ್ರ ಸಿಗುತ್ತಿತ್ತು. ಹಿಂದಿನ ಸಲ ಒಂದೇ ಒಂದು ಚುಕ್ಕೆ ಕಣ್ತಪ್ಪಿ ನಪಾಸಾಗಿದ್ದಳು. ಈ ಸಲ ಪರೀಕ್ಷಕಿ ಸ್ವತಃ ನಾಗವೇಣಿಯವರೇ. ರುಬೀನಾಳ ಮಗು ತಿಂಗಳು ತುಂಬದೆ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿತ್ತು. ತಾಯಿ ಅದನ್ನು ಇನ್ನೂ ಮುಟ್ಟಿರಲಿಲ್ಲ. ಅವಳನ್ನು ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದೇ ಸುಮಂಗಲಾಳ ಪರೀಕ್ಷೆ.

ಸುಮಂಗಲಾ ಅವಳ ಕೈ ಹಿಡಿದು ನೋಡಿದಳು. "ಜ್ವರ, ಕೆಮ್ಮು ಏನರ ಅದಾವೇನವಾ? ಮೈಮ್ಯಾಲೆ ಗಾಯ, ಕುರು?"

"ಏನೂ ಇಲ್ರೀ ಅಕ್ಕಾರ."

"ಹಂಗಾದ್ರ ಒಳಗ ಬಾ. ಕೂಸಿನ್ನ ಎದಿಮ್ಯಾಲೆ ಹಾಕ್ಕೊ."

ನಾಗವೇಣಿ ಹುಬ್ಬೇರಿಸಿದರು. "ಹಸಿರು ಕಾಣ್ಲಿಲ್ಲೇನು?"

ಸುಮಂಗಲಾ ರುಬೀನಾಳ ಕೈ ಬಿಡಲಿಲ್ಲ. "ಕಾಣ್ತರೀ ಮೇಡಂ. ಆದ್ರ ನಿಮ್ಮ ದೀಪಕ್ಕ ಒಳ್ಳೇವು, ಕೆಟ್ಟವು ಎಲ್ಲಾ ಒಂದ. ತೊಳದ ಕೈಯಾಗ ಉಳದಾವಲ್ಲ, ಇವು ತಾಯಿ ಚರ್ಮದಾಗ ಬಾಳೇ ಮಾಡೋವು. ಕೂಸಿನ ಮೈಗೆ ಇವು ಮೊದಲ ಸೇರಿದ್ರ ಕೆಟ್ಟವುಕ್ಕ ಜಾಗ ಸಿಗೂದು ಕಷ್ಟ. ಬೇಕಾದ್ರ ನಪಾಸ್ ಮಾಡ್ರಿ, ತಾಯಿನ್ನ ನಾ ಹೊರಗ ನಿಲ್ಲಸಾಂಗಿಲ್ಲ."

ನಾಗವೇಣಿ ಜೋರಾಗಿ ನಕ್ಕುಬಿಟ್ಟರು. "ಇದನ್ನ ಆ ನಿಯಮ ಮಾಡಿದ ಮಂಡಳಿಯವ್ರಿಗೆ ಹೇಳಿ ಹೇಳಿ ನನ್ನ ಬಾಯಿ ನೋಯ್ತು ನೋಡವಾ! ವಾರ್ಡಿನಾಗ ಒಬ್ಬರರ ಹಿಂಗ ಅಂದಾರೇನಂತ ದಾರಿ ಕಾಯಾಕತ್ತಿದ್ದೆ. ಪಾಸು, ಪಾಸು!" ಎಂದು ಎದ್ದು ತಾವೇ ದೀಪ ಆರಿಸಿದರು.

ಮಗು ತಾಯಿಯ ಎದೆಗಂಟಿ ಸಣ್ಣಗೆ ಆಕಳಿಸಿತು. ರುಬೀನಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ವಾರ್ಡಿನವರೆಲ್ಲ ಖುಷಿಯಿಂದ ಬಾಗಿಲಾಚೆ ನೆರೆದರು.

ಮುಂದೆ ನಿಯಮ ಬದಲಾಯಿತು. ದೀಪವನ್ನು ಯಾರು ಬೇಕಾದರೂ ಹಚ್ಚಬಹುದು, ತೊಳೆದದ್ದು ಸಾಕೆಂದು ಆರಿಸುವ ಅಧಿಕಾರ ಮಾತ್ರ ಪ್ರಮಾಣಪತ್ರ ಪಡೆದವರದು.

ಅಂಥ ದೀಪ ನಮ್ಮ ಕಾಲಕ್ಕಿನ್ನೂ ಬಂದಿಲ್ಲ. ಸೋಪಿದೆ, ನೀರಿದೆ, ಬಾಗಿಲಲ್ಲಿ ತಡೆಯುವ ಒಬ್ಬ ಸಿಸ್ಟರ್ ಇದ್ದಾರೆ. ಅವರು "ಕೈ ತೊಳೆದುಕೊಳ್ಳಿ" ಎಂದರೆ ನಾವು ಗೊಣಗುತ್ತೇವೆ. "ಸಾಕು, ಇನ್ನು ಮಗುವನ್ನು ಎತ್ತಿಕೊಳ್ಳಿ" ಎನ್ನುವವರೂ ಅವರೇ.