ನವಿಲು ಮುದ್ರೆಯ ಆಟದ ಪೆಟ್ಟಿಗೆಗಳು

ಬಹಳ ಬಹಳ ಹಿಂದೆ ಮಿಸುನಿಪುರ ಎಂಬ ರಾಜ್ಯವಿತ್ತು. ಅದರ ರಾಜಧಾನಿಯ ಕುಂಚದ ಕೇರಿಯಲ್ಲಿ ಕೇತೋಜ ಎಂಬ ಚಿತ್ರಗಾರನಿದ್ದ. ದುಂಡನೆಯ ಇಸ್ಪೀಟೆಲೆಗಳ ಮೇಲೆ ಆನೆ, ಕುದುರೆ, ಅರಸು, ಮಂತ್ರಿ ಇವುಗಳ ಚಿತ್ರ ಬರೆಯುವುದು ಅವನ ಮನೆತನದ ಕಸುಬು. ಅವನ ಕೈಯಿಂದ ಹೊರಟ ಪ್ರತಿ ಎಲೆಯ ಬೆನ್ನ ಮೇಲೂ ಒಂದು ಪುಟ್ಟ ನವಿಲಿನ ಮುದ್ರೆ ಇರುತ್ತಿತ್ತು.

ಒಂದು ಬೇಸಗೆಯಲ್ಲಿ ಕೇತೋಜನಿಗೆ ಬೆಟ್ಟದ ಗುಹೆಯೊಳಗೆ ಒಂದು ಬೆಳಕು ಸಿಕ್ಕಿತು. ಸಾಸಿವೆ ಕಾಳಿನಷ್ಟು ಚಿಕ್ಕದು. ಗಾಳಿ ಬೀಸಿದರೆ ಆರದು, ನೀರು ಹಾಕಿದರೆ ನಂದದು. ಅವನು ಅದನ್ನು ಮನೆಗೆ ತಂದು ಹಲಸಿನ ಮರದ ಪೆಟ್ಟಿಗೆಯಲ್ಲಿಟ್ಟ. ಎದುರಿನ ಗೋಡೆಯ ಮೇಲೆ ಬಿಳಿಯ ಚುಕ್ಕೆಯೊಂದು ಮೂಡಿತು. ಪೆಟ್ಟಿಗೆಗೆ ಎರಡು ತಿರುಗಣೆ ಜೋಡಿಸಿದ. ತಿರುವಿದರೆ ಗೋಡೆಯ ಮೇಲೆ ಎರಡು ಹಲಗೆಗಳು ಮೇಲೆ ಕೆಳಗೆ ಸರಿದಾಡಿ ಚುಕ್ಕೆಯನ್ನು ಅತ್ತಿಂದಿತ್ತ ಹೊಡೆಯುತ್ತಿದ್ದವು. ಅಷ್ಟೇ ಆಟ. ಆದರೆ ಆ ಅಷ್ಟಕ್ಕೇ ಊರಿಗೆ ಊರೇ ಹುಚ್ಚಾಯಿತು. ಜಗಳವಾಡಿದ ಅತ್ತೆ ಸೊಸೆಯರು ಎದುರುಬದುರು ಕೂತು ಚುಕ್ಕೆ ಹೊಡೆದರು. ಆ ಪೆಟ್ಟಿಗೆಗೆ ಕೇತೋಜ 'ನವಿಲು' ಎಂದೇ ಹೆಸರಿಟ್ಟ.

ಹತ್ತು ವರ್ಷ ಕಳೆದ ಮೇಲೆ ಅವನು 'ಇಮ್ಮಡಿ ನವಿಲು' ಮಾಡಿದ. ಅದಕ್ಕೆ ಒಂದು ಬಾಯಿ ಇತ್ತು. ಬಣ್ಣದ ಮರದ ಫಲಕವನ್ನು ಬಾಯೊಳಗೆ ತುರುಕಿದರೆ ಒಂದು ಆಟ, ಅದನ್ನು ತೆಗೆದು ಬೇರೆಯದನ್ನಿಟ್ಟರೆ ಬೇರೆ ಆಟ. ಒಂದರಲ್ಲಿ ಅಳಿಲು ಹೊಳೆ ದಾಟುತ್ತಿತ್ತು, ಇನ್ನೊಂದರಲ್ಲಿ ಕೋತಿಗಳು ಕೋಟೆ ಕಟ್ಟುತ್ತಿದ್ದವು. ಕೇತೋಜ ತೀರಿಕೊಂಡ ಮೇಲೆ ಅವನ ಮಗ ಮಾಚೋಜ 'ಮುಮ್ಮಡಿ ನವಿಲು' ಮಾಡಿದ. ಅದರಲ್ಲಿ ಗೋಡೆಯ ಚಿತ್ರಕ್ಕೆ ಆಳ ಬಂದಿತ್ತು. ಬೆಟ್ಟದ ಹಿಂದೆ ಹೋದರೆ ಬೆಟ್ಟದ ಬೆನ್ನು ಕಾಣುತ್ತಿತ್ತು. ಆದರೆ ಹಳೆಯ ಫಲಕಗಳು ಹೊಸ ಬಾಯಿಗೆ ಹಿಡಿಸುತ್ತಿರಲಿಲ್ಲ. ಜನ ಗೊಣಗಿದರು. ಗೊಣಗುತ್ತಲೇ ಆಡಿದರು.

ಪ್ರತಿ ಸಲವೂ ಹಳೆಯ ಪೆಟ್ಟಿಗೆಯ ಬೆಳಕಿನಿಂದಲೇ ಹೊಸ ಪೆಟ್ಟಿಗೆಯ ಬೆಳಕನ್ನು ಹೊತ್ತಿಸುತ್ತಿದ್ದರು. ಮೂರನೆಯದಕ್ಕೆ ಬೆಳಕು ಮುಟ್ಟಿಸಿದವಳು ಮಾಚೋಜನ ಒಬ್ಬಳೇ ಮಗಳು ಚಂದಲೆ. ಈಗ ಅವಳಿಗೆ ಇಪ್ಪತ್ತೈದು ವರ್ಷ. ಫಲಕಗಳಿಗೆ ಬಣ್ಣ ತುಂಬುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಅವಳಲ್ಲಿ ಒಂದು ಸ್ವಭಾವವಿತ್ತು. ಯಾವುದಾದರೂ ಅರ್ಥವಾಗದಿದ್ದರೆ ಅರ್ಥವಾಗುವವರೆಗೂ ಕೇಳುತ್ತಲೇ ಇರುತ್ತಿದ್ದಳು. ಕೇಳಿಸಿಕೊಂಡವರಿಗೆ ಸಾಕುಸಾಕಾಗುತ್ತಿತ್ತು.

ಒಂದು ದಿನ ಅವರ ಅಂಗಳಕ್ಕೆ ಒಬ್ಬ ಮಾಯಾವಿ ಬಂದ. ಹೆಸರು ಕಾಳಾಂಜನ. ಅವನಿಗೆ ನೆರಳು ಇರಲಿಲ್ಲ.

"ಮಾಚೋಜ, ನಿನ್ನ ತಂದೆ ಹತ್ತು ವರ್ಷಕ್ಕೊಂದು ಪೆಟ್ಟಿಗೆ ಮಾಡಿದ. ನಾನು ತಿಂಗಳಿಗೊಂದು ಮಾಡಿಸುತ್ತೇನೆ. ನವಿಲು ಮುದ್ರೆ ನನ್ನ ಕೈಗೆ ಕೊಡು," ಎಂದ.

ಮಾಚೋಜನಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗುತ್ತಿತ್ತು. ಮುದ್ರೆ ಕೊಟ್ಟುಬಿಟ್ಟ.

ವಾರದೊಳಗೆ ನಾಲ್ಕನೆಯ ಪೆಟ್ಟಿಗೆ ಸಿದ್ಧವಾಯಿತು. ಕನ್ನಡಿಯಂತೆ ಕಪ್ಪಗೆ ಹೊಳೆಯುತ್ತಿತ್ತು. ತಿರುಗಣೆ ಇಲ್ಲ. ಗಾಳಿಯಲ್ಲಿ ಕೈ ಬೀಸಿದರೆ ಸಾಕು, ಆಟ ನಡೆಯುತ್ತಿತ್ತು.

"ಇದರ ಹೆಸರು ನಾಲ್ಮಡಿ ನವಿಲು ಅಲ್ಲವೇ?" ಎಂದು ಚಂದಲೆ ಕೇಳಿದಳು.

"ಅಲ್ಲ. ಇದು ಆದಿ ನವಿಲು."

"ನಾಲ್ಕನೆಯದು ಆದಿ ಹೇಗಾಗುತ್ತದೆ?"

"ಆಗುತ್ತದೆ," ಎಂದ ಕಾಳಾಂಜನ. ಮಾಚೋಜ ಎಲ್ಲ ತಿಳಿದವನಂತೆ ತಲೆಯಾಡಿಸಿದ.

ಮುಂದಿನ ತಿಂಗಳು 'ನವ ಆದಿ ನವಿಲು' ಬಂತು. ಅದರ ಮುಂದಿನ ತಿಂಗಳು 'ಆದಿ ನವ ನವಿಲು'. ಆಮೇಲೆ 'ನವಿಲು ನವಾದಿ'. ನೋಡಲು ಎಲ್ಲವೂ ಒಂದೇ, ಆ ನಾಲ್ಕನೆಯ ಪೆಟ್ಟಿಗೆಯೇ. ಸಂತೆಯಲ್ಲಿ ಜನ ಒಂದನ್ನು ಕೇಳಿ ಇನ್ನೊಂದನ್ನು ಹೊತ್ತುಕೊಂಡು ಹೋದರು. ವ್ಯತ್ಯಾಸವೇನೆಂದು ಯಾರಿಗೂ ತಿಳಿಯದು. ಆದರೆ ತಿಳಿಯದು ಎನ್ನಲು ಎಲ್ಲರಿಗೂ ನಾಚಿಕೆ. "ಓಹೋ, ನವಾದಿಯೇ? ಅದೇ ಒಳ್ಳೆಯದು ಬಿಡಿ," ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಆಮೇಲೆ ಊರಿನಲ್ಲಿ ವಿಚಿತ್ರ ಶುರುವಾಯಿತು. ಆ ಪೆಟ್ಟಿಗೆಯ ಮುಂದೆ ಆಡಿ ಎದ್ದವರಿಗೆ ತಮ್ಮ ಮನೆ ಯಾವುದೆಂದು ಮರೆಯತೊಡಗಿತು. ಅಗಸ ಹೋಗಿ ಸೇನಾಪತಿಯ ಮಂಚದಲ್ಲಿ ಮಲಗಿದ. ಸೇನಾಪತಿ ಬಳೆಗಾರನ ಅಂಗಡಿಯಲ್ಲಿ ಕೂತು ಬಳೆ ತೊಡಿಸಲು ಬಾರದೆ ಅತ್ತ. ಅರಸ ಸೋಯಿದೇವ ಎಣ್ಣೆಗಾಣದ ಎತ್ತಿನ ಹಿಂದೆ ಸುತ್ತುತ್ತ, "ಇದು ನನ್ನ ಮೆರವಣಿಗೆಯೋ, ಬೇರೆಯವರದೋ?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದ. ಸಿಕ್ಕವರಿಗೂ ಗೊತ್ತಿರಲಿಲ್ಲ.

ಚಂದಲೆ ಕೆಲಸದ ಭರದಲ್ಲಿ ಆ ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ಅವಳಿಗೆ ನೆನಪೆಲ್ಲ ಇತ್ತು. ಆದರೆ ಸುತ್ತಲಿನವರೆಲ್ಲ ತಪ್ಪು ಮನೆಯಲ್ಲಿ ತಪ್ಪು ಹೆಸರಿನಲ್ಲಿ ಬದುಕುತ್ತಿರುವಾಗ, ತಪ್ಪಿದವಳು ತಾನೇ ಏನೋ ಎಂದು ಅವಳಿಗೂ ಅನ್ನಿಸತೊಡಗಿತು. ಒಂದು ಬೆಳಿಗ್ಗೆ ಅಪ್ಪ ಕಾಣಲಿಲ್ಲ. ಹುಡುಕುತ್ತ ಹೋದರೆ ಕುಂಬಾರರ ಮನೆಯ ಜಗಲಿಯಲ್ಲಿ ಕೂತು ಕುಂಬಾರನ ಮಗಳ ಕೈಯಿಂದ ಗಂಜಿ ಕುಡಿಯುತ್ತಿದ್ದ.

"ಅಪ್ಪಾ, ಏಳು, ಮನೆಗೆ ಹೋಗೋಣ."

ಮಾಚೋಜ ಅವಳ ಮುಖವನ್ನು ಬಹಳ ಹೊತ್ತು ನೋಡಿದ. "ಯಾರಮ್ಮ ನೀನು? ನನ್ನ ಮಗಳು ಇಲ್ಲೇ ಇದ್ದಾಳಲ್ಲ," ಎಂದು ಕುಂಬಾರನ ಮಗಳನ್ನು ತೋರಿಸಿದ. ಆ ಹುಡುಗಿಯೂ, ಹೌದೋ ಅಲ್ಲವೋ ತಿಳಿಯದೆ, ಹೌದೆಂದು ತಲೆಯಾಡಿಸಿದಳು.

ಚಂದಲೆ ಮನೆಗೆ ಓಡಿದಳು. ಕೆಲಸದ ಕೋಣೆಯಲ್ಲಿ ಕಾಳಾಂಜನ ಕಪ್ಪು ಪೆಟ್ಟಿಗೆಯ ಮುಂದೆ ನಿಂತಿದ್ದ. ಅವಳು ಬಾಗಿಲ ಮರೆಯಲ್ಲಿ ನಿಂತು ನೋಡಿದಳು. "ನಾಳೆ ಸೂರ್ಯ ಮುಳುಗಿದರೆ ಈ ಊರಿನ ನೆನಪೆಲ್ಲ ಶಾಶ್ವತವಾಗಿ ನನ್ನದು," ಎಂದು ಅವನು ನಕ್ಕ. ಆಮೇಲೆ "ಆಡುವವರಿಗೆ ದಾರಿ ಬಿಡು" ಎಂದು ಮೂರು ಸಲ ಹೇಳಿದ. ಹೊಗೆಯಂತೆ ತೆಳ್ಳಗಾಗಿ ಪೆಟ್ಟಿಗೆಯ ಬಾಯೊಳಗೆ ಹೋದ. ಬಾಯಿ ಮುಚ್ಚಿಕೊಂಡಿತು.

ಚಂದಲೆ ಅದೇ ಮಾತನ್ನು ಹೇಳಿದಳು. ಕಪ್ಪು ಪೆಟ್ಟಿಗೆ ತೆರೆಯಲಿಲ್ಲ. ಉಗುರು ಮುರಿಯುವವರೆಗೂ ಕೆರೆದಳು. ತೆರೆಯಲಿಲ್ಲ. ಆಗ ಅವಳಿಗೆ ಒಂದು ಯೋಚನೆ ಬಂತು. ನಾಲ್ಕನೆಯದರ ಬೆಳಕು ಮೂರನೆಯದರಿಂದ ಬಂದದ್ದು, ಮೂರನೆಯದರದು ಎರಡನೆಯದರಿಂದ, ಎರಡನೆಯದರದು ಮೊದಲನೆಯದರಿಂದ. ಹಾಗಾದರೆ ಒಳಗೊಳಗೇ ದಾರಿ ಇರಲೇಬೇಕು. ಅಟ್ಟದ ಮೇಲಿನಿಂದ ಅಜ್ಜನ ಹಲಸಿನ ಪೆಟ್ಟಿಗೆಯನ್ನು ಇಳಿಸಿ, ದೂಳು ಒರೆಸಿ, ಅದರ ಮುಂದೆ ನಿಂತು ಮೂರು ಸಲ ಹೇಳಿದಳು:

"ಆಡುವವರಿಗೆ ದಾರಿ ಬಿಡು."

ಕಣ್ಣು ಮುಚ್ಚಿ ತೆರೆಯುವುದರೊಳಗೆ ಅವಳು ಒಳಗಿದ್ದಳು.

ಒಳಗೆ ಎಲ್ಲವೂ ಕಪ್ಪು. ಕೈಯಲ್ಲಿ ಒಂದು ಹಲಗೆ. ಎದುರಿನಲ್ಲಿ ಮುಖವಿಲ್ಲದ ಒಬ್ಬ ಆಟಗಾರ, ಅವನ ಬೆನ್ನ ಹಿಂದೆ ಒಂದು ಬಾಗಿಲು. ಬಂಡೆಯಷ್ಟು ದೊಡ್ಡ ಬಿಳಿಯ ಚುಕ್ಕೆ ಅವಳ ಕಡೆ ಹಾರಿ ಬಂತು. ಅವಳು ಹೊಡೆದಳು. ಅವನು ಹೊಡೆದ. ಅವನು ಒಂದು ಸಲವೂ ತಪ್ಪಲಿಲ್ಲ. ಅವಳು ಹನ್ನೊಂದು ಸಲ ತಪ್ಪಿ ಹನ್ನೊಂದು ಸಲವೂ ಬಿದ್ದಳು. ಮೊಣಕೈ ತರಚಿ ರಕ್ತ ಬಂತು. ಕೊನೆಗೆ ಉಸಿರು ಕಟ್ಟಿ ಕೂತುಬಿಟ್ಟಳು.

"ಅಯ್ಯಾ, ನಿನಗೆ ದಣಿವಾಗುವುದಿಲ್ಲವೇ? ಒಂದು ಸಲವೂ ತಪ್ಪದೆ ಹೇಗೆ ಹೊಡೆಯುತ್ತೀಯೋ, ನನಗಂತೂ ಅರ್ಥವೇ ಆಗುತ್ತಿಲ್ಲ."

ಮುಖವಿಲ್ಲದವನು ಹಲಗೆ ಕೆಳಗಿಟ್ಟ. "ಐವತ್ತು ವರ್ಷದಿಂದ ಹೊಡೆಯುತ್ತಿದ್ದೇನೆ. ಯಾರೂ ಕೇಳಿರಲಿಲ್ಲ," ಎಂದ. "ಆಗುತ್ತದೆ ತಾಯಿ. ಬಹಳ ಆಗುತ್ತದೆ." ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದು ಅಲ್ಲೇ ಒರಗಿ ನಿದ್ದೆಹೋದ. ಚಂದಲೆ ಬಾಗಿಲು ದಾಟಿದಳು.

ಎರಡನೆಯ ಪೆಟ್ಟಿಗೆಯೊಳಗೆ ಒಂದು ಹೊಳೆ. ಹೊಳೆಯ ತುಂಬ ಮೊಸಳೆಗಳು. ಅವುಗಳ ಬೆನ್ನ ಮೇಲೆ ಕಾಲಿಟ್ಟೇ ಆಚೆ ದಡಕ್ಕೆ ಹೋಗಬೇಕು. ದಡದಲ್ಲಿ ಒಂದು ಅಳಿಲು ಕೂತಿತ್ತು.

"ನಿನಗೆ ಇಲ್ಲಿ ಮೂರು ಜೀವ. ಮೂರೂ ಮುಗಿದರೆ ನೀನೂ ನನ್ನ ಹಾಗೆ ಇಲ್ಲೇ," ಎಂದಿತು.

"ಯಾವ ಮೊಸಳೆಯ ಮೇಲೆ ಮೊದಲು ಕಾಲಿಡಬೇಕು?"

"ಬಾಯಿ ಮುಚ್ಚಿದ್ದರ ಮೇಲೆ. ಆದರೆ ಮುಚ್ಚಿದ್ದು ತೆರೆಯುತ್ತದೆ, ತೆರೆದದ್ದು ಮುಚ್ಚುತ್ತದೆ."

ಚಂದಲೆ ಧೈರ್ಯ ಮಾಡಿ ಹಾರಿದಳು. ನಾಲ್ಕನೆಯ ಮೊಸಳೆ ನುಂಗಿತು. ಮತ್ತೆ ಮೊದಲಿನ ದಡದಲ್ಲೇ ಎಚ್ಚರವಾಯಿತು. ಇನ್ನೂ ವೇಗವಾಗಿ ಹಾರಿದಳು. ಎರಡನೆಯದೇ ನುಂಗಿತು. ಮೂರನೆಯ ಸಲ ಅವಳು ಹಾರಲಿಲ್ಲ. ದಡದಲ್ಲಿ ಕೂತು ನೋಡಿದಳು. ಬಹಳ ಹೊತ್ತು ಏನೂ ತಿಳಿಯಲಿಲ್ಲ. ಆಮೇಲೆ ನಿಧಾನವಾಗಿ ಕಂಡಿತು. ಮೊಸಳೆಗಳು ತಮ್ಮಿಷ್ಟದಂತೆ ಬಾಯಿ ತೆರೆಯುತ್ತಿರಲಿಲ್ಲ. ಸಾಲಾಗಿ, ಒಂದಾದ ಮೇಲೆ ಒಂದು, ಆಕಳಿಸುತ್ತಿದ್ದವು. ಆಕಳಿಕೆ ಮುಗಿಸಿದ್ದರ ಮೇಲೆ ಕಾಲಿಡುತ್ತ ಹೋದಳು. ಒಂದೊಂದೇ, ಒಂದೊಂದೇ. ಆಚೆ ದಡದ ಬಾಗಿಲು ಅವಳ ಕೈಗೆ ಸಿಕ್ಕಿತು.

ಮೂರನೆಯ ಪೆಟ್ಟಿಗೆಯೊಳಗೆ ಬಯಲು. ಬಾಗಿಲಿಲ್ಲ, ಹೊಳೆಯಿಲ್ಲ, ಎದುರಾಳಿಯಿಲ್ಲ. ಯಾವ ಕಡೆ ಬೇಕಾದರೂ ಹೋಗಬಹುದು. ಎಲ್ಲಿಗೆ ಹೋಗಬೇಕೆಂದು ಮಾತ್ರ ಗೊತ್ತಿಲ್ಲ. ಒಂದು ನೀಲಿ ಕುದುರೆ ಬಂದು ನಿಂತಿತು.

"ಬೆನ್ನ ಮೇಲೆ ಹತ್ತು. ಎಲ್ಲಿಗೆ?" ಎಂದಿತು.

"ನಾಲ್ಕನೆಯ ಪೆಟ್ಟಿಗೆಗೆ. ದಾರಿ ನನಗೆ ಗೊತ್ತಿಲ್ಲ. ನಿನಗೆ?"

"ನನಗೂ ಇಲ್ಲ. ಬಂದವರೆಲ್ಲ ಓಡು ಓಡು ಎಂದರು. ಓಡಿದೆ."

ಉತ್ತರಕ್ಕೆ ಹೋದರು, ಬೆಟ್ಟ ಬಂತು. ದಕ್ಷಿಣಕ್ಕೆ ಹೋದರು, ಅದೇ ಬೆಟ್ಟದ ಬೆನ್ನು ಬಂತು. ಪೂರ್ವಕ್ಕೂ ಪಶ್ಚಿಮಕ್ಕೂ ಅದೇ ಬೆಟ್ಟ. ಸೂರ್ಯ ಒಂದು ಸುತ್ತು ಸುತ್ತಿ ಮರುದಿನದ ಮಧ್ಯಾಹ್ನವಾಯಿತು. ಚಂದಲೆಗೆ ಅಳು ಬಂತು. ಕುದುರೆಯ ಬಾಯಲ್ಲಿ ನೊರೆ ಕಂಡು ಲಗಾಮು ಬಿಟ್ಟಳು. "ಸಾಕು, ನಿನಗೆ ಬೇಕಾದ ಕಡೆ ಹೋಗು," ಎಂದಳು. ಕುದುರೆಗೆ ಬಾಯಾರಿತ್ತು. ಅದು ಬೆಟ್ಟದ ಬುಡದ ಒಂದು ಕೊಳಕ್ಕೆ ಹೋಗಿ ಬಾಗಿ ನೀರು ಕುಡಿಯಿತು. ಕುಡಿಯುತ್ತ ಕುಡಿಯುತ್ತ ಕೊಳ ಬತ್ತಿತು. ಕೊಳದ ತಳದಲ್ಲಿ ಕಪ್ಪು ಬಾಗಿಲಿತ್ತು.

ಬಾಗಿಲಾಚೆ ಕಾಳಾಂಜನನ ಸಭೆ. ಸಾವಿರ ಸಾವಿರ ಹಣತೆಗಳು ಉರಿಯುತ್ತಿದ್ದವು. ಒಂದೊಂದು ಹಣತೆಯೂ ಊರಿನ ಒಬ್ಬೊಬ್ಬರ ನೆನಪು. ಅವನು ಒಂದನ್ನೆತ್ತಿ ಬೆಳಕನ್ನು ಹಾಲಿನಂತೆ ಗುಟುಕರಿಸುತ್ತಿದ್ದ. ಅವನ ಹಿಂದಿನ ಗೋಡೆಯ ಮೇಲೆ ನೂರು ನವಿಲು ಮುದ್ರೆಗಳು ತೂಗುತ್ತಿದ್ದವು.

"ಬಂದೆಯಾ? ಹಾಗಾದರೆ ನೇಮ ಕೇಳು," ಎಂದ. "ಈ ನೂರರಲ್ಲಿ ನಿನ್ನ ಅಜ್ಜ ಕೆತ್ತಿದ್ದು ಒಂದೇ. ಮುದ್ರೆ ಯಾವುದೆಂದು ಬಲ್ಲವರೇ ಅದರ ಒಡೆಯರು. ಗುರುತಿಸಿದರೆ ಎಲ್ಲವೂ ನಿನ್ನದು. ತಪ್ಪಿದರೆ ನಿನ್ನ ನೆನಪೂ ಈ ಹಣತೆಗಳ ಜೊತೆಗೆ."

ಚಂದಲೆ ನೋಡಿದಳು. ಎಲ್ಲವೂ ಒಂದೇ. ಅದೇ ಕೊಕ್ಕು, ಅದೇ ಗರಿ, ಅದೇ ಸವೆದ ಅಂಚು. ಎಡದಿಂದ ನೋಡಿದಳು, ಬಲದಿಂದ ನೋಡಿದಳು. ಹೊರಗೆ ಸೂರ್ಯ ಇಳಿಯುತ್ತಿದ್ದ. ಯಾವುದಾದರೂ ಒಂದನ್ನು ತೋರಿಸಿಬಿಡಲೇ ಎಂದು ಕೈ ಎತ್ತಿದಳು. ಅಪ್ಪನ ಮುಖ ನೆನಪಾಯಿತು. ಕೈ ಇಳಿಸಿದಳು.

"ನನಗೆ ಗೊತ್ತಾಗುತ್ತಿಲ್ಲ," ಎಂದಳು. "ಯಾವುದು, ನೀನೇ ತೋರಿಸು."

"ನಾನೇಕೆ ತೋರಿಸಲಿ?"

"ಬಲ್ಲವರೇ ಒಡೆಯರು ಎಂದೆಯಲ್ಲ? ಈಗ ಒಡೆಯ ನೀನು. ಹಾಗಾದರೆ ನಿನಗೆ ಗೊತ್ತಿರಬೇಕು. ಯಾವುದು?"

ಕಾಳಾಂಜನ ಗೋಡೆಯ ಕಡೆ ತಿರುಗಿದ. "ಅದು..." ಎಂದು ಒಂದಕ್ಕೆ ಬೆರಳು ಮಾಡಿ ಹಿಂದೆಗೆದುಕೊಂಡ.

"ಯಾವುದು?" ಎಂದು ಎರಡನೆಯ ಸಲ ಕೇಳಿದಳು.

"ಆದಿಯದು ಇದು. ಅಲ್ಲ, ಇದು ನವ ಆದಿಯದು. ಇದು ನವಾದಿ... ಇದು..." ತಿಂಗಳಿಗೊಂದರಂತೆ ಹೆಸರಿಟ್ಟು ಹೆಸರಿಟ್ಟು, ಅಚ್ಚು ಒತ್ತಿ ಒತ್ತಿ, ನಿಜದ್ದು ಯಾವುದೆಂದು ಅವನೇ ಎಂದೋ ಮರೆತುಬಿಟ್ಟಿದ್ದ.

"ಯಾವುದು?" ಎಂದು ಮೂರನೆಯ ಸಲ ಕೇಳಿದಳು.

ಕಾಳಾಂಜನನ ಬಾಯಿಂದ ಸತ್ಯ ತಾನಾಗಿ ಹೊರಬಿತ್ತು. "ನನಗೂ ಗೊತ್ತಿಲ್ಲ!"

ಅಂದಕೂಡಲೇ ಅವನದೇ ನೇಮ ಅವನನ್ನು ಹಿಡಿಯಿತು. ಒಡೆಯನಲ್ಲದವನಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ. ಅವನು ಕಾಲಿನಿಂದ ತಲೆಯವರೆಗೆ ಮಸಿಯಾಗಿ ಉದುರಿದ. ತೊಂಬತ್ತೊಂಬತ್ತು ಮುದ್ರೆಗಳೂ ಅವನ ಜೊತೆಗೇ ಉದುರಿದವು. ಉಳಿದದ್ದು ಒಂದು. ಅದರೊಳಗಿನ ನವಿಲು ಗರಿ ಬಿಚ್ಚಿ ಒಮ್ಮೆ ಕೊಡವಿತು. ಆ ಗಾಳಿಗೆ ಹಣತೆಗಳ ಬೆಳಕೆಲ್ಲ ಜೇನ್ನೊಣಗಳಂತೆ ಎದ್ದು ಪೆಟ್ಟಿಗೆಯ ಬಾಯಿಂದ ಹೊರಗೆ ಹಾರಿ, ಊರಿನ ಕೇರಿ ಕೇರಿಗಳಲ್ಲಿ ತಮ್ಮವರನ್ನು ಹುಡುಕಿಕೊಂಡು ಹೋದವು.

ಚಂದಲೆ ಹೊರಬಂದಾಗ ಊರಿನಲ್ಲಿ ದೊಡ್ಡ ಗಲಿಬಿಲಿ. ಎಲ್ಲರೂ ಒಂದೇ ಸಲಕ್ಕೆ ತಮ್ಮ ಮನೆಗೆ ಹೊರಟಿದ್ದರು. ಅರಸ ಸೋಯಿದೇವ ಗಾಣದ ಎತ್ತಿಗೆ ಕೈಮುಗಿದು ಅರಮನೆಗೆ ನಡೆದ. ಮಾಚೋಜ ಏದುಸಿರು ಬಿಡುತ್ತ ಓಡಿ ಬಂದ.

"ಚಂದಲೇ, ಎರಡು ದಿನ ಬೇರೆಯವರ ಮನೆಯ ಗಂಜಿ ಕುಡಿದೆನಂತೆ. ನಿನ್ನನ್ನು ಯಾರು ಎಂದು ಕೇಳಿದೆನಂತೆ. ನಿಜವೇನೇ?"

"ನಿಜ ಅಪ್ಪ."

ಅವನು ಅವಳ ತರಚಿದ ಮೊಣಕೈ ಹಿಡಿದುಕೊಂಡು ಅಂಗಳದಲ್ಲೇ ಕೂತು ಅತ್ತ. ಅವಳೂ ಅತ್ತಳು.

ಆಮೇಲೆ ಅಪ್ಪ ಮಗಳು ಸೇರಿ ಹೊಸ ಪೆಟ್ಟಿಗೆ ಮಾಡಿದರು. ಅವಸರ ಮಾಡಲಿಲ್ಲ, ಏಳು ವರ್ಷ ಹಿಡಿಯಿತು. ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದು. ಬೇಕೆಂದರೆ ಗೋಡೆಗೆ ಹಿಡಿದು ಹತ್ತು ಜನ ಆಡಬಹುದು, ಬೇಡವೆಂದರೆ ಮರದ ಕೆಳಗೆ ಒಬ್ಬರೇ ಕೂತು ಆಡಬಹುದು. ಇಮ್ಮಡಿಯ ಫಲಕವೂ ಅದರ ಬಾಯಿಗೆ ಹಿಡಿಸುತ್ತಿತ್ತು, ಮುಮ್ಮಡಿಯದೂ ಹಿಡಿಸುತ್ತಿತ್ತು.

"ಇದಕ್ಕೇನು ಹೆಸರು?" ಎಂದು ಅರಸ ಕೇಳಿದ.

"ಐದನೆಯ ನವಿಲು," ಎಂದಳು ಚಂದಲೆ.

"ಏಕೆ?"

"ಇದು ಐದನೆಯದು, ಅದಕ್ಕೆ."

ಅರಸನಿಗೆ ಅದು ತಟ್ಟನೆ ಅರ್ಥವಾಯಿತು. ಬಹಳ ಸಂತೋಷಪಟ್ಟ. ಮಿಸುನಿಪುರದ ಜನ ತಂತಮ್ಮ ಮನೆಗಳಲ್ಲಿ, ತಂತಮ್ಮವರ ಜೊತೆ ಕೂತು ಆಡಿ, ಸೋತು, ಗೆದ್ದು, ನಕ್ಕು, ಹಸಿವಾದಾಗ ಎದ್ದು ಉಂಡು, ನೂರು ಕಾಲ ಸುಖವಾಗಿ ಬಾಳಿದರು.